ಲಾರಿ ಕಿಟಕಿಗೊಂದು ಸೀರೆಯಂಚು

ಹೆದ್ದಾರಿ 150ಎ ಹಿಡಿದು ಚಳ್ಳಕೆರೆ ದಾಟುವ ಲಾರಿ ಚಾಲಕರಿಗೆ ಕ್ಯಾಬಿನ್ನೇ ಮನೆ. ಅದರ ಪರದೆಗೆ ಹಳೇ ಕಾಟನ್ ಸೀರೆಯಷ್ಟು ಒದಗುವ ಬಟ್ಟೆ ಇನ್ನೊಂದಿಲ್ಲ. ಐದೂವರೆ ಮೀಟರಿನಲ್ಲಿ ಎಲ್ಲ ಕಿಟಕಿಗೂ ಆಗಿ ಮಿಗುತ್ತದೆ. ಅಂಚು ಕೆಳಬದಿಗೆ ಬರುವಂತೆ ಕತ್ತರಿಸಿದರೆ ಅಲ್ಲಿ ಮಡಿಚಿ ಹೊಲಿಯುವ ಕೆಲಸವೇ ಇಲ್ಲ. ಮೇಲ್ಗಡೆ ಮಾತ್ರ ಲಾಡಿ ತೂರಿಸುವಷ್ಟು ಮಡಿಚಿ ಹೊಲಿದು, ಸ್ಪ್ರಿಂಗ್ ತಂತಿ ಹಾಯಿಸಿ, ಎರಡು ಕೊಕ್ಕೆಗೆ ಎಳೆದು ಸಿಕ್ಕಿಸಿದರಾಯಿತು. ಗಾಡಿ ಓಡುವಾಗ ಸರಿಸಿ ಕಟ್ಟಬೇಕು. ಪಕ್ಕದ ಕನ್ನಡಿ ಕಾಣದಿದ್ದರೆ ಚೆಂದ ಕಟ್ಟಿಕೊಂಡು ಏನು?

ಮೊಳಕಾಲ್ಮೂರಿನ ರೇಷ್ಮೆ, ಎಷ್ಟೇ ಹಳತಾಗಲಿ, ಇದಕ್ಕೆ ಬೇಡ. ಬಿಸಿಲಿಗೆ ರೇಷ್ಮೆ ಎಳೆ ಸೋತು ಹರಿಯುತ್ತದೆ. (ಯಾವ ಮನೆಯಾಕೆ ಕೊಟ್ಟಾಳು!) ಸೀಟಿನ ಹಿಂದಿನ ಮಲಗುವ ಜಾಗದ ಪರದೆಗೆ ನನ್ನ ಮತ ಚಳ್ಳಕೆರೆ ಕಂಬಳಿಗೆ. ಹುಣಸೆಬೀಜದ ಗಂಜಿ ಕುಡಿದ ಕುರಿಯುಣ್ಣೆ ಗಾಳಿಗೆ ಹಾರಾಡುವುದಿಲ್ಲ, ಎದುರು ಬರುವ ಲಾರಿಯ ದೀಪವನ್ನೂ ಒಳಗೆ ಬಿಡುವುದಿಲ್ಲ.