ತಿಪ್ಪೆ ಮತ್ತು ಚೀಲ: ಸೇವಂತಿಗೆ ಬೇಸಾಯದಲ್ಲಿ ಮಿಶ್ರ ಪೋಷಣೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಕೆಂಪು ಮಣ್ಣಿನಲ್ಲಿ ಸೇವಂತಿಗೆ ಬೆಳೆಯುವವರು ತಿಪ್ಪೆಯ ಗೊಬ್ಬರವನ್ನೂ ಅಂಗಡಿಯ ರಸಗೊಬ್ಬರವನ್ನೂ ಜೊತೆಜೊತೆಗೆ ಬಳಸುವುದುಂಟು. ಇಂಥ ಪದ್ಧತಿಯನ್ನು ಕೃಷಿವಿಜ್ಞಾನ ‘ಸಮಗ್ರ ಪೋಷಕಾಂಶ ನಿರ್ವಹಣೆ’ ಎಂದು ಕರೆಯುತ್ತದೆ. ಎಂದರೆ ಸಾವಯವ, ರಾಸಾಯನಿಕ ಮತ್ತು ಜೈವಿಕ ಮೂಲಗಳನ್ನು ಒಂದೇ ಲೆಕ್ಕಕ್ಕೆ ತಂದು ಗಿಡದ ಅಗತ್ಯವನ್ನು ಪೂರೈಸುವುದು. ಈ ವ್ಯಾಖ್ಯೆಯ ತೂಕವಿರುವುದು ‘ಒಂದೇ ಲೆಕ್ಕ’ ಎಂಬ ಮಾತಿನಲ್ಲಿ. ಹೊಲದಲ್ಲಿ ಸುಲಭವಾಗಿ ತಪ್ಪಿಹೋಗುವುದೂ ಅದೇ.

ಪದ್ಧತಿಯ ಮೂಲತತ್ತ್ವ ದೃಢವಾಗಿದೆ. ಸಾವಯವ ಇಂಗಾಲ ಕಡಿಮೆಯಿರುವ ಕೆಂಪು ಮಣ್ಣು ನೀರನ್ನೂ ಪೋಷಕಾಂಶವನ್ನೂ ಹೆಚ್ಚು ಹಿಡಿದಿಡಲಾರದು; ಅದರಲ್ಲಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಬೇರಿಗೆ ದಕ್ಕದಂತೆ ಬಂಧಿಸುತ್ತವೆ. ಕೊಟ್ಟಿಗೆ ಗೊಬ್ಬರ ಕೊಳೆಯುವಾಗ ಹುಟ್ಟುವ ಆಮ್ಲಗಳು ಈ ಬಂಧನವನ್ನು ಸ್ವಲ್ಪಮಟ್ಟಿಗೆ ಸಡಿಲಿಸುತ್ತವೆ. ಆದರೆ ನಾಟಿಯ ತರುವಾಯ ಕುಡಿ ಚಿವುಟಿ ಕವಲೊಡೆಸುವ ವಾರಗಳಲ್ಲಿ ಗಿಡ ಬೇಡುವ ಸಾರಜನಕವನ್ನು ಅದು ಅಷ್ಟು ಬೇಗ ಒದಗಿಸಲಾರದು, ಶೇ. 46ರಷ್ಟು ಸಾರಜನಕವುಳ್ಳ ಯೂರಿಯಾ ಒದಗಿಸಬಲ್ಲದು. ಆ ಯೂರಿಯಾವೇ ಮಿತಿಮೀರಿದರೆ ಸೊಪ್ಪು ಹೆಚ್ಚಿ, ಕಾಂಡ ಮೆತ್ತಗಾಗಿ, ಮೊಗ್ಗು ತಡವಾಗಿ, ಸಸ್ಯಹೇನಿನ ಕಾಟಕ್ಕೆ ದಾರಿಯಾಗುತ್ತದೆ. ಹೀಗಾಗಿ ತಿಪ್ಪೆಗೊಬ್ಬರ ನೆಲಕ್ಕೆ, ಯೂರಿಯಾ ಹೊತ್ತಿಗೆ ಎಂಬ ವಿಭಜನೆ ಸಮಂಜಸವಾದುದು.

ಲೆಕ್ಕಕ್ಕೆ ಇಳಿದಾಗ ತೊಡಕು ಕಾಣುತ್ತದೆ. ಶೇ. 0.5ರಷ್ಟು ಸಾರಜನಕವಿರುವ 10 ಟನ್ ಕೊಟ್ಟಿಗೆ ಗೊಬ್ಬರದಲ್ಲಿ 50 ಕೆ.ಜಿ. ಸಾರಜನಕವಿರುತ್ತದೆ, ಇದು ಸುಮಾರು 109 ಕೆ.ಜಿ. ಯೂರಿಯಾಕ್ಕೆ, ಅಂದರೆ 45 ಕೆ.ಜಿ.ಯ ಎರಡೂವರೆ ಚೀಲಕ್ಕೆ ಹತ್ತಿರ. ಮೊದಲ ಬೆಳೆಗೆ ದಕ್ಕುವುದು ಇದರಲ್ಲಿ ಒಂದು ಪಾಲು ಮಾತ್ರವಾದ್ದರಿಂದ ಯೂರಿಯಾದ ಲೆಕ್ಕದಿಂದ ಅದನ್ನು ಪೂರ್ತಿ ಕಳೆದರೆ ಗಿಡ ಸೊರಗುತ್ತದೆ, ಏನನ್ನೂ ಕಳೆಯದಿದ್ದರೆ ಹಣವೂ ಸಾರಜನಕವೂ ನೀರಿನೊಡನೆ ಬಸಿದುಹೋಗುತ್ತವೆ. ಗೊಬ್ಬರ ಹೇರಿದ ಮೇಲೂ ಚೀಲಗಳ ಸಂಖ್ಯೆ ಇಳಿಯದಿದ್ದರೆ ಅದು ಸಂಯೋಜನೆಯಲ್ಲ, ಬರಿಯ ಸೇರ್ಪಡೆ.

ಅರೆಕೊಳೆತ ಗೊಬ್ಬರದ ಬಳಕೆ ಇನ್ನೊಂದು ದೋಷ. ಹುಲ್ಲಿನ ಎಳೆ ಇನ್ನೂ ಕಣ್ಣಿಗೆ ಕಾಣುವ ಗೊಬ್ಬರದಲ್ಲಿ ಸಾರಜನಕಕ್ಕಿಂತ ಇಂಗಾಲದ ಪ್ರಮಾಣ ಬಹಳ ಹೆಚ್ಚಿದ್ದು, ಅದನ್ನು ಕೊಳೆಸುವ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೇ ತಮ್ಮ ಬೆಳವಣಿಗೆಗೆ ಎಳೆದುಕೊಳ್ಳುತ್ತವೆ. ಆಗ ಬುಡದ ಎಲೆಗಳು ಹಳದಿಗೆ ತಿರುಗುತ್ತವೆ. ಕಾರಣ ತಿಳಿಯದ ಬೆಳೆಗಾರ ಮತ್ತೊಂದು ಬೊಗಸೆ ಯೂರಿಯಾ ಚೆಲ್ಲುತ್ತಾನೆ. ಅಂಥ ಗೊಬ್ಬರದೊಂದಿಗೆ ಗೊಣ್ಣೆಹುಳುವೂ ಹೊಲ ಸೇರುವುದುಂಟು.

ಈ ಪದ್ಧತಿಯನ್ನು ಅಳೆಯುವ ಪ್ರಯೋಗಗಳನ್ನೂ ಎಚ್ಚರದಿಂದ ಓದಬೇಕು. ಮಿಶ್ರ ಪೋಷಣೆಯ ಪಾತಿಗೆ ಒಟ್ಟು ಪೋಷಕಾಂಶವೇ ಹೆಚ್ಚು ದೊರೆತಿದ್ದರೆ, ಅಲ್ಲಿ ಹೂವಿನ ತೂಕ ಏರಿದುದಕ್ಕೆ ಮಿಶ್ರಣ ಕಾರಣವೋ ಪ್ರಮಾಣ ಕಾರಣವೋ ಎಂದು ನಿರ್ಣಯಿಸಲಾಗದು. ಒಂದೇ ಹಂಗಾಮಿನ ಇಳುವರಿಯೂ ಸಾಕಷ್ಟು ಸಾಕ್ಷಿಯಲ್ಲ, ಏಕೆಂದರೆ ಆ ಅವಧಿಯ ಫಲ ಬೇಗ ಕರಗುವ ಗೊಬ್ಬರದ ಕಡೆಗೇ ವಾಲುತ್ತದೆ. ಮಣ್ಣು ಪರೀಕ್ಷೆಯಿಂದ ಮೊದಲಾಗಿ ಹಲವು ಹಂಗಾಮು ಅದೇ ಪಾತಿಯನ್ನು ಗಮನಿಸಿ, ಹೂವು ಮೊದಲಿನಷ್ಟೇ ಇದ್ದು ಚೀಲ ಕಡಿಮೆಯಾಯಿತೆಂದು ತೋರಿಸಿದಾಗ ಮಾತ್ರ ಈ ಪದ್ಧತಿ ತನ್ನ ಹೆಸರಿಗೆ ತಕ್ಕುದೆನ್ನಬಹುದು.