ಸ್ಟೆಪ್ಪಿಯ ಕಿರುಪತಂಗ ಮತ್ತು ಅದರ ನೆಲ: ಪ್ರಭೇದವರ್ಣನೆಯ ಒಂದು ವಿಮರ್ಶೆ

ಹೊಸ ಪ್ರಭೇದವೊಂದನ್ನು ಲೋಕಕ್ಕೆ ಪರಿಚಯಿಸುವ ಪ್ರಾಣಿಶಾಸ್ತ್ರಜ್ಞನ ಬರಹವನ್ನು ಚರಿತ್ರೆಯ ಅಧ್ಯಾಪಕನು ವಿಮರ್ಶಿಸಹೊರಡುವುದು ಅನಧಿಕಾರವೆಂದು ಕೆಲವರಿಗೆ ತೋರಬಹುದು. ಜೀವಿಯ ಲಕ್ಷಣಗಳನ್ನು ನಿರ್ಣಯಿಸುವ ಯೋಗ್ಯತೆ ಪ್ರಕೃತ ಲೇಖಕನಿಗಿಲ್ಲವೆಂಬುದು ನಿಜ. ಆದರೆ ಪ್ರಭೇದವರ್ಣನೆಯು ವಿಜ್ಞಾನವಾಗಿರುವಂತೆಯೇ ದಾಖಲೆಯೂ ಆಗಿದೆ. ಇಂಥ ಕಾಲದಲ್ಲಿ, ಇಂಥ ಸ್ಥಳದಲ್ಲಿ, ಇಂಥ ಜೀವಿ ಸಿಕ್ಕಿತೆಂದು ಅದು ಸಾಕ್ಷಿ ನುಡಿಯುತ್ತದೆ. ಸಾಕ್ಷ್ಯವನ್ನು ಪರೀಕ್ಷಿಸುವುದು ನಮ್ಮ ಶಾಸ್ತ್ರದ ಕೆಲಸವೇ ಸರಿ. ಈ ದೃಷ್ಟಿಯಿಂದ ವೋಲ್ಗಾ ನದಿ ಮತ್ತು ಉರಾಲ್ ಪರ್ವತಗಳ ನಡುವಣ ಸ್ಟೆಪ್ಪಿಯ ಪತಂಗಗಳನ್ನು ಕುರಿತ ವರ್ಣನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸ್ಟೆಪ್ಪಿಯೆಂದರೆ ಮರಗಳು ವಿರಳವಾಗಿರುವ, ಮಳೆ ಕಡಮೆಯಾದ ವಿಶಾಲವಾದ ಹುಲ್ಲುನೆಲ. ಈ ಪ್ರದೇಶದ ಚಿಟ್ಟೆ ಪತಂಗಗಳ ಮೊದಲ ದೊಡ್ಡ ಗ್ರಂಥವನ್ನು ರಚಿಸಿದವನು ಎಡುವಾರ್ಡ್ ಎವರ್ಸ್‌ಮಾನ್ (1794-1860). ಜರ್ಮನಿಯಲ್ಲಿ ಹುಟ್ಟಿದ ಈತನು ಉರಾಲಿನ ಜ್ಲಾಟೌಸ್ಟಿನಲ್ಲಿ ವೈದ್ಯನಾಗಿದ್ದು, 1820ರಲ್ಲಿ ರಷ್ಯದ ರಾಯಭಾರಿ ತಂಡದೊಡನೆ ಬುಖಾರಕ್ಕೆ ಹೋಗಿ, 1828ರಲ್ಲಿ ಕಜಾನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಲ್ಯಾಟಿನ್ ಭಾಷೆಯ ಆತನ ವೋಲ್ಗಾ-ಉರಾಲ್ ಪತಂಗಗ್ರಂಥವು 1844ರಲ್ಲಿ ಕಜಾನಿನಲ್ಲಿ ಅಚ್ಚಾಯಿತು. ಅದು ಇಪ್ಪತ್ತೈದು ವರ್ಷಗಳ ಅವಲೋಕನದ ಫಲವೆಂದು ಗ್ರಂಥದ ಶೀರ್ಷಿಕೆಯೇ ಹೇಳುತ್ತದೆ. ರಾಜಧಾನಿಯ ಸಂಗ್ರಹಾಲಯದಲ್ಲಿ ಕುಳಿತು ಪರರು ಕಳುಹಿದ ಹುಳುಗಳನ್ನು ವರ್ಣಿಸುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಆತನು ತಾನು ಬಾಳಿದ ನೆಲವನ್ನೇ ಕುರಿತು ಬರೆದನೆಂಬುದು ಈ ಕೃತಿಯ ಹಿರಿಮೆ.

ಆದರೆ ಆ ಕಾಲದ ವರ್ಣನೆಯ ಕ್ರಮದಲ್ಲಿ ಎರಡು ಕೊರತೆಗಳು ಕಂಡುಬರುತ್ತವೆ. ಮೊದಲನೆಯದು ಲಕ್ಷಣಗಳಿಗೆ ಸಂಬಂಧಿಸಿದ್ದು. ರೆಕ್ಕೆಯ ಬಣ್ಣ, ಪಟ್ಟೆ, ಚುಕ್ಕೆಗಳೇ ಅಂದಿನ ವರ್ಣನೆಗೆ ಆಧಾರ. ದೊಡ್ಡ ಚಿಟ್ಟೆಗಳಿಗೆ ಇದು ಬಹುಮಟ್ಟಿಗೆ ಸಾಕು. ಒಂದೇ ಬಗೆಯ ಬೂದುಬಣ್ಣದ, ರೆಕ್ಕೆ ಹರಡಿದರೂ ಒಂದು ಸೆಂಟಿಮೀಟರಿನಷ್ಟೇ ಇರುವ ಕಿರುಪತಂಗಗಳಿಗೆ ಸಾಲದು. ಇಂಗ್ಲೆಂಡಿನ ಪಿಯರ್ಸ್ 1909ರಲ್ಲಿ ಪತಂಗಗಳ ಜನನಾಂಗಗಳನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದನು. ಪತಂಗದ ಉದರವನ್ನು ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ನೆನೆಸಿ, ಒಳಗಿನ ಗಡುಸು ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸುವ ಈ ವಿಧಾನವು ಮುಂದೆ ಎಲ್ಲೆಡೆ ರೂಢಿಗೆ ಬಂದಿತು. ತನಗಿಲ್ಲದ ಉಪಕರಣಕ್ಕಾಗಿ ಹಿಂದಿನವನನ್ನು ದೂಷಿಸುವುದು ನ್ಯಾಯವಲ್ಲ. ಮಾದರಿ ಹುಳು ಉಳಿದಿದ್ದರೆ ಈ ಕೊರತೆಯನ್ನು ಇಂದಿಗೂ ತುಂಬಬಹುದು.

ಎರಡನೆಯ ಕೊರತೆ ಸ್ಥಳಕ್ಕೆ ಸಂಬಂಧಿಸಿದ್ದು. ಇದನ್ನು ತುಂಬುವುದು ಅಷ್ಟು ಸುಲಭವಲ್ಲ. ಅಂದಿನ ವರ್ಣನೆಗಳಲ್ಲಿ ಅನೇಕ ವೇಳೆ ಪ್ರಾಂತದ ಹೆಸರೇ ಸ್ಥಳನಿರ್ದೇಶ. ಓರೆನ್‌ಬುರ್ಗ್ ಎಂಬ ಹೆಸರನ್ನೇ ನೋಡೋಣ. 1844ರ ಓರೆನ್‌ಬುರ್ಗ್ ಪ್ರಾಂತವು ಉರಾಲಿನ ಎರಡು ಪಕ್ಕಗಳಿಗೂ ಹರಡಿದ್ದಿತು. 1851ರಲ್ಲಿ ಅದರ ಒಂದು ಭಾಗ ಸಮಾರಾ ಪ್ರಾಂತಕ್ಕೆ ಸೇರಿತು. 1865ರಲ್ಲಿ ಉಫಾ ಪ್ರಾಂತವು ಬೇರೆಯಾಯಿತು. ಓರೆನ್‌ಬುರ್ಗ್ ನಗರವೇ 1938ರಿಂದ 1957ರ ವರೆಗೆ ಚ್ಕಾಲೊವ್ ಎನಿಸಿಕೊಂಡಿತು. ಸರೆಪ್ತಾದ ಕಥೆಯೂ ಇಂಥದೇ. ಕೆಳ ವೋಲ್ಗಾದ ದಡದಲ್ಲಿ 1765ರಲ್ಲಿ ಮೊರೇವಿಯನ್ ಪಂಥದ ಜರ್ಮನರು ನೆಲಸಿದ ಈ ಊರಿನಿಂದ ಹ್ಯೂಗೋ ಕ್ರಿಸ್ಟೋಫ್, ಅಲೆಕ್ಸಾಂಡರ್ ಬೆಕ್ಕರ್ ಮೊದಲಾದ ಸಂಗ್ರಾಹಕರು ಯುರೋಪಿಗೆಲ್ಲ ಕೀಟಗಳನ್ನು ಕಳುಹಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಸರು ಪಡೆದ ಎಷ್ಟೋ ಸ್ಟೆಪ್ಪಿಪತಂಗಗಳ ಚೀಟಿಯ ಮೇಲೆ ಇರುವುದು ಸರೆಪ್ತಾ ಎಂಬ ಒಂದೇ ಮಾತು. ಆ ಊರು ಇಂದು ವೋಲ್ಗೊಗ್ರಾಡ್ ನಗರದ ಒಂದು ಭಾಗ. ಪತಂಗವು ಗರಿಹುಲ್ಲಿನ ಮಧ್ಯೆ ಸಿಕ್ಕಿತೋ, ಚೌಳುನೆಲದಲ್ಲಿ ಸಿಕ್ಕಿತೋ, ನದಿಯ ಮರಳದಂಡೆಯಲ್ಲಿ ಸಿಕ್ಕಿತೋ ಎಂಬುದನ್ನು ಆ ಒಂದು ಮಾತು ತಿಳಿಸಲಾರದು.

ನಮ್ಮ ವಿದ್ಯಾರ್ಥಿಗಳಿಗೆ ಈ ತೊಡಕು ಅಪರಿಚಿತವಲ್ಲ. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಶಾಸನಗಳನ್ನು ಜಿಲ್ಲೆ ತಾಲ್ಲೂಕುಗಳ ಪ್ರಕಾರ ಜೋಡಿಸಿ ಊರಿನ ಹೆಸರನ್ನೂ ಕೊಟ್ಟರು. ತಾಲ್ಲೂಕಿನ ಎಲ್ಲೆ ಬದಲಾದರೂ ಊರಿನ ಹೆಸರು ಹಿಡಿದು ನಾವು ಕಲ್ಲಿನ ಬಳಿಗೆ ಹೋಗಬಹುದು. ಅಲ್ಲದೆ, ಕಲ್ಲು ಕದಲದೆ ಇದ್ದರೆ ಅದರ ಮೇಲಿನ ಅಕ್ಷರಗಳೂ ಅಲ್ಲಿಯೇ ಇರುತ್ತವೆ. ಪತಂಗಕ್ಕೆ ಆ ಭಾಗ್ಯವಿಲ್ಲ. ಸೋವಿಯತ್ ಒಕ್ಕೂಟದಲ್ಲಿ 1954ರಲ್ಲಿ ತೊಡಗಿದ ಬೀಳುಭೂಮಿಯ ಕಾರ್ಯಕ್ರಮದಲ್ಲಿ 1960ರ ವೇಳೆಗೆ 4 ಕೋಟಿ ಹೆಕ್ಟೇರಿಗೂ ಮಿಕ್ಕ ನೆಲ ನೇಗಿಲಿಗೆ ಒಳಗಾಯಿತು. ಓರೆನ್‌ಬುರ್ಗಿನಲ್ಲಿ ಸ್ಟೆಪ್ಪಿಗೆಂದೇ ರಕ್ಷಿತ ಪ್ರದೇಶವನ್ನು ಸ್ಥಾಪಿಸಿದ್ದು 1989ರಲ್ಲಿ. ಅದೂ ಒಂದೇ ಹರವಾಗಿರದೆ ನಾಲ್ಕು ಬಿಡಿ ತುಣುಕುಗಳಾಗಿ. ಇಂಥಲ್ಲಿ ಹಳೆಯ ಪತಂಗವೊಂದು ಸಿಗದೆ ಹೋದರೆ, ಅದು ಅಳಿಯಿತೋ ಅಥವಾ ನಾವು ತಪ್ಪು ಜಾಗದಲ್ಲಿ ಹುಡುಕುತ್ತಿರುವೆವೋ ಹೇಳುವುದು ಹೇಗೆ?

ಇಂದಿನ ವರ್ಣನೆ ಈ ದೋಷದಿಂದ ಮುಕ್ತವಾಗಿದೆಯೇ? ನಿಯಮಗಳೇನೋ ಬಿಗಿಯಾಗಿವೆ. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ 1999ರ ತರುವಾಯ ಪ್ರಕಟವಾದ ಪ್ರಭೇದನಾಮಕ್ಕೆ ಹೋಲೋಟೈಪ್ ಎಂಬ ಒಂದೇ ಮಾದರಿಯನ್ನಾಗಲಿ, ಸಿಂಟೈಪ್‌ಗಳೆಂಬ ಮಾದರಿಗಳ ಗುಂಪನ್ನಾಗಲಿ ಸ್ಪಷ್ಟವಾಗಿ ಗೊತ್ತುಪಡಿಸಬೇಕು. ಅವು ಯಾವ ಸಂಗ್ರಹದಲ್ಲಿ ಇರುವುವೆಂದು ತಿಳಿಸಬೇಕು. ಆದರೆ ಸಿಕ್ಕ ಸ್ಥಳ, ದಿನಾಂಕ ಮೊದಲಾದ ವಿವರಗಳನ್ನು ಕೊಡಬೇಕೆಂಬುದು ಬರಿಯ ಶಿಫಾರಸು; ಕಡ್ಡಾಯವಲ್ಲ. ಅನೇಕ ಲೇಖಕರು ಅಕ್ಷಾಂಶ ರೇಖಾಂಶಗಳನ್ನು ಕೊಡುತ್ತಾರೆ; ಇದು ಶ್ಲಾಘ್ಯ. ಆದರೆ ಅಂಕಿಗಳು ಬಿಂದುವನ್ನು ತೋರಿಸುತ್ತವೆಯೇ ಹೊರತು ನೆಲವನ್ನಲ್ಲ. ಜನನಾಂಗದ ವರ್ಣನೆಗೆ ಪುಟವೇ ಮೀಸಲಾದಾಗ, ಅಲ್ಲಿ ಬೆಳೆದಿದ್ದ ಗಿಡಕ್ಕೆ ಒಂದು ಸಾಲಾದರೂ ಸಲ್ಲಬೇಡವೇ?

ಕೋಲಿಯೋಫೋರಾ ಕುಲವು ಇದಕ್ಕೆ ಒಳ್ಳೆಯ ನಿದರ್ಶನ. ಸಾವಿರಕ್ಕೂ ಹೆಚ್ಚು ಪ್ರಭೇದಗಳುಳ್ಳ ಈ ಕುಲದ ಕಿರುಪತಂಗಗಳು ಪ್ರೌಢಾವಸ್ಥೆಯಲ್ಲಿ ಒಂದನ್ನೊಂದು ಬಹಳ ಹೋಲುತ್ತವೆ. ಮರಿಹುಳುವಾದರೋ ರೇಷ್ಮೆಯಿಂದಲೂ ಗಿಡದ ಚೂರುಗಳಿಂದಲೂ ಗೂಡು ಕಟ್ಟಿಕೊಂಡು, ಅದನ್ನು ಹೊತ್ತುಕೊಂಡೇ ತಿರುಗುತ್ತದೆ. ಗೂಡಿನ ಆಕಾರ ಮತ್ತು ತಿನ್ನುವ ಗಿಡ ಇವೆರಡೂ ಪ್ರಭೇದವನ್ನು ಗುರುತಿಸಲು ನೆರವಾಗುತ್ತವೆ. ಸ್ಟೆಪ್ಪಿಯಲ್ಲಿ ಇವುಗಳ ಪೈಕಿ ಹಲವು ನಮ್ಮ ಮಾಚಿಪತ್ರೆಯ ಕುಲಕ್ಕೇ ಸೇರಿದ ಆರ್ಟಿಮೀಸಿಯಾ ಗಿಡಗಳನ್ನು ಆಶ್ರಯಿಸಿವೆ. ಹೀಗಿರುವಲ್ಲಿ ಗಿಡವನ್ನು ಬಿಟ್ಟ ವರ್ಣನೆಯು ಪತಂಗದ ಅರ್ಧವನ್ನೇ ಬಿಟ್ಟಂತೆ.

ದೀಪದ ಬೆಳಕಿಗೆ ಬಂದ ಒಂದೇ ಪತಂಗದಿಂದಲೋ, ಸಂಗ್ರಹಾಲಯದ ಹಳೆಯ ಪೆಟ್ಟಿಗೆಯಿಂದಲೋ ಹೊಸ ಪ್ರಭೇದ ದೊರೆತಾಗ ಇವೆಲ್ಲವನ್ನೂ ಹೇಳುವುದು ಸಾಧ್ಯವೇ ಎಂದು ಆಕ್ಷೇಪಿಸಬಹುದು. ಸಾಧ್ಯವಿಲ್ಲ, ನಿಜ. ಆಗ ತಿಳಿಯದೆಂದು ಬರೆದಿಡುವುದೂ ಒಂದು ಸಾಕ್ಷ್ಯವೇ. ಮೌನದಿಂದ ಮುಂದಿನವನಿಗೆ ಯಾವ ದಾರಿಯೂ ತೋರದು. ಎವರ್ಸ್‌ಮಾನನು ಸ್ಟೆಪ್ಪಿಯನ್ನು ಬಲ್ಲವನಾಗಿದ್ದನು. ನೆಲವು ಹಾಗೆಯೇ ಉಳಿಯುವುದೆಂದು ನಂಬಿದ್ದರಿಂದಲೇ ಅದನ್ನು ವರ್ಣಿಸುವ ಅಗತ್ಯ ಆತನಿಗೆ ಕಾಣದೆ ಹೋಗಿರಬೇಕು. ಆ ನಂಬಿಕೆಗೆ ಇಂದು ಆಸ್ಪದವಿಲ್ಲ. ಆದುದರಿಂದ ಸ್ಟೆಪ್ಪಿಯ ಹೊಸ ಪತಂಗವನ್ನು ವರ್ಣಿಸುವವರು ಹುಳುವಿನ ಜೊತೆಗೆ ಅದರ ಹುಲ್ಲನ್ನೂ, ಗಿಡವನ್ನೂ, ಆ ನೆಲವನ್ನು ಉತ್ತಿದ್ದಿತೇ ಇಲ್ಲವೇ ಎಂಬುದನ್ನೂ ದಾಖಲಿಸುವುದು ಕರ್ತವ್ಯವೆಂದು ಈ ಲೇಖಕನ ಅಭಿಪ್ರಾಯ.