ಕಂಬಕ್ಕೆ ಕಿವಿಗೊಟ್ಟರೆ

ಮಳೆಗಾಲ ಮುಗಿದ ಮೇಲೆ ನಮ್ಮ ಮಲೆನಾಡಿನ ಮನೆಗೆ ಬರುತ್ತಿದ್ದ ಆಚಾರಿಗಳು ಕೊಡತಿ ಹಿಡಿದು ಕಂಬ, ತೊಲೆ, ಬಾಗಿಲವಾಡಗಳನ್ನೆಲ್ಲ ತಟ್ಟುತ್ತ ಹೋಗುತ್ತಿದ್ದರು. ಗಟ್ಟಿ ಮರ ಟಣ್ ಎನ್ನುತ್ತಿತ್ತು, ಗೆದ್ದಲು ತಿಂದದ್ದು ಬೊದ್ ಎನ್ನುತ್ತಿತ್ತು. ಹಾಗೆ ಸದ್ದು ಬಂದಲ್ಲಿ ಹೆಬ್ಬೆರಳು ಒತ್ತಿದರೆ ಬಣ್ಣದ ಪದರ ಬಿರಿದು ಒಳಗಿಂದ ಒಣಮಣ್ಣು ಉದುರುತ್ತಿತ್ತು. ಕೊಡತಿ ಸುಳ್ಳು ಹೇಳುವುದಿಲ್ಲ, ಆದರೆ ತೀರ ತಡವಾಗಿ ಹೇಳುತ್ತದೆ.

ಮರದ ಮನೆಗಳೇ ಹೆಚ್ಚಿರುವ ಜಪಾನಿನಲ್ಲಿ ಇಯೆಶಿರೋಅರಿ ಎಂಬ ಗೆದ್ದಲಿನ ಕಾಟ ಬಹಳ. ಅದು ತಿನ್ನುತ್ತಿರುವಾಗಲೇ ಹಿಡಿಯುವ ದಾರಿಯನ್ನು ಕ್ಯೋಟೋ ವಿಶ್ವವಿದ್ಯಾಲಯದ ಮರವಿಜ್ಞಾನಿಗಳು 1990ರ ದಶಕದಲ್ಲಿ ಪರೀಕ್ಷಿಸಿದರು. ಗೆದ್ದಲು ಕಚ್ಚಿ ಎಳೆದಾಗ ಮರದ ನಾರು ಹರಿಯುತ್ತದೆ. ಹರಿಯುವ ಆ ಗಳಿಗೆಯಲ್ಲಿ ಸಣ್ಣ ಕಂಪನ ಹೊಮ್ಮುತ್ತದೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ. ಕಂಬಕ್ಕೆ ಅಂಟಿಸುವ ಸೆನ್ಸರ್ 60 ಕಿಲೋಹರ್ಟ್ಸ್‌ನಂಥ ಎತ್ತರದ ಕಂಪನಕ್ಕೆ ಕಾಯುತ್ತದೆ. ಮನೆಯ ಮಾತುಕತೆ, ಬೀದಿಯ ಲಾರಿ ಸದ್ದು ಬಹುಪಾಲು ಅದರ ಕೆಳಗೇ ಉಳಿಯುವುದರಿಂದ ಹುಳದ ಸದ್ದು ಬೇರೆಯಾಗಿ ಸಿಗುತ್ತದೆ. ಮರ ಕೊರೆಯದೆ, ಗೋಡೆ ಒಡೆಯದೆ ಇಷ್ಟು ತಿಳಿಯುವುದು ದೊಡ್ಡ ಮಾತೇ.

ಕೊರತೆಯೂ ಆ ಎತ್ತರದಲ್ಲೇ ಇದೆ. ಇಂಥ ಕಂಪನ ಮರದಲ್ಲಿ ಬೇಗ ಸೋಲುತ್ತದೆ. ನಾರಿನ ಉದ್ದಕ್ಕೆ ಸ್ವಲ್ಪ ದೂರ ಹೋದೀತು. ಅಡ್ಡಕ್ಕೆ ಹೋಗುವಾಗ, ಕೂಸು-ಕುಣಿಕೆಯ ಸಂದು ದಾಟುವಾಗ ಅಡಗಿಬಿಡುತ್ತದೆ. ಹತ್ತಾರು ಕಂಬ, ಸಾಲು ಸಾಲು ಜಂತೆಯ ತೊಟ್ಟಿಮನೆಯಲ್ಲಿ ಎರಡು ಕಡೆ ಸೆನ್ಸರ್ ಇಟ್ಟು ‘ಏನೂ ಇಲ್ಲ’ ಎಂದರೆ ನಾನಂತೂ ಒಪ್ಪುವುದಿಲ್ಲ. ಗೆದ್ದಲು ಬೆದರಿದಾಗ, ಚಳಿ ಹೆಚ್ಚಿದಾಗ ಮೇಯುವುದು ಕಡಿಮೆ. ಆಗಲೂ ಯಂತ್ರ ಸುಮ್ಮನಿರುತ್ತದೆ. ಎಂದೋ ತಿಂದು ಬಿಟ್ಟುಹೋದ ತೊಲೆ ನಾಳೆ ಮುರಿದು ಬೀಳುವಂತಿದ್ದರೂ ಅದರಿಂದ ಒಂದು ಸದ್ದೂ ಬಾರದು. ಅದನ್ನು ಹೇಳಬೇಕಾದದ್ದು ಕೊಡತಿಯೇ.

ಸದ್ದು ಹಿಡಿಯುವ ಈ ಸೆನ್ಸರ್‌ನ ನಿಜವಾದ ಬೆಲೆ ಕಾಣುವುದು ಔಷಧಿ ಹೊಡೆಸಿದ ಮೇಲೆ ಎಂಬುದು ನನ್ನ ಅಭಿಪ್ರಾಯ. ಗೋಡೆಯ ಮೇಲಿನ ಮಣ್ಣಿನ ಗೂಡು ಒಣಗಿದ್ದು ಕಂಡು ನಾವು ಸಮಾಧಾನಪಡುತ್ತೇವೆ. ಒಳಗೆ ಹುಳ ಸತ್ತಿತೋ, ಪಕ್ಕದ ಕಂಬಕ್ಕೆ ಸರಿಯಿತೋ ಗೊತ್ತಾಗುವುದಿಲ್ಲ. ಹಿಂದೆ ಸದ್ದು ಸಿಕ್ಕಿದ್ದ ಜಾಗಕ್ಕೂ ಅಕ್ಕಪಕ್ಕದ ಮರಕ್ಕೂ ಮತ್ತೆ ಕಿವಿಗೊಟ್ಟರೆ ಸುಳಿವು ಸಿಗುತ್ತದೆ.

ಹಳೆಯ ಮನೆ ಉಳಿಸಿಕೊಂಡವರಲ್ಲಿ ಒಂದು ಕೋರಿಕೆ. ಇಂಥ ತಪಾಸಣೆ ಮಾಡಿಸುವುದಾದರೆ ಎಷ್ಟು ಕಡೆ, ಎಷ್ಟು ಹೊತ್ತು ಆಲಿಸುತ್ತಾರೆಂದು ಮೊದಲೇ ಕೇಳಿ. ಹುಳ ಬೆದರುವ ಮುಂಚೆ ಯಂತ್ರ ಇಡಲಿ, ಆಮೇಲೆ ಆಚಾರಿಗಳನ್ನು ಕರೆಸಿ ತಟ್ಟಿಸಿ.